ಒದ್ದೆ ಬಟ್ಟೆಯ ಪ್ರಮಾಣ

ನಮ್ಮ ಮುಳಬಾಗಿಲಿನ ಈಜು ಸಂಘಕ್ಕೆ ಹದಿನಾಲ್ಕು ನಿಯಮಗಳಿವೆ. ಹದಿನಾಲ್ಕನ್ನೂ ಕನ್ನಡದಲ್ಲಿ ಬರೆದವಳು ನಾನು. ರಾಜ್ಯ ಈಜು ಸಂಸ್ಥೆಯವರು ಇಂಗ್ಲಿಷಿನಲ್ಲಿ ಕಳಿಸಿದ್ದನ್ನು ನಾಲ್ಕು ಭಾನುವಾರ ಕೂತು ಬರೆದು, ಫ್ರೇಮು ಹಾಕಿಸಿ, ಆಫೀಸಿನ ಗೋಡೆಗೆ ಮೊಳೆ ಹೊಡೆದವಳೂ ನಾನೇ. ಕಮಿಟಿಯಲ್ಲಿರುವ ಐದು ಜನ ಗಂಡಸರಲ್ಲಿ ಒಬ್ಬರೂ ಅದನ್ನು ಪೂರ್ತಿ ಓದಿಲ್ಲ. ಓದಿದವಳು ಏನು ಕಡಿದು ಕಟ್ಟೆ ಹಾಕಿದಳು ಅಂತ ಕೇಳಿದರೆ, ಅದನ್ನೇ ಹೇಳುತ್ತಿದ್ದೇನೆ.

ನನ್ನ ಹೆಸರು ಗಂಗಾಲಕ್ಷ್ಮಿ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತೇನೆ. ಈಜುಕೊಳ ಇರುವುದು ಅಧ್ಯಕ್ಷರಾದ ಕೋದಂಡರಾಮಪ್ಪನವರ ಮಾವಿನ ತೋಪಿನಲ್ಲಿ. ಜಾಗ ಕೊಟ್ಟವರು ಅವರು, ಹಾಗಾಗಿ ಪ್ರತಿ ವರ್ಷ ಚುನಾವಣೆ ಆಗುತ್ತದೆ, ಪ್ರತಿ ವರ್ಷ ಅವರೇ ಗೆಲ್ಲುತ್ತಾರೆ, ಎದುರಿಗೆ ಯಾರೂ ನಿಲ್ಲುವುದಿಲ್ಲ. ತಿಂಗಳ ಮೊದಲ ಭಾನುವಾರ ಮರದ ಕೆಳಗೆ ಕುರ್ಚಿ ಹಾಕುತ್ತಾರೆ, ಬೋಂಡ ಬರುತ್ತದೆ, ಅವರು ಮಾತಾಡುತ್ತಾರೆ, ಉಳಿದವರು ಹೂಂಗುಟ್ಟುತ್ತಾರೆ. ಸಭೆಗೆ ಮುಂಚೆಯೇ ಕಾರ್ಯದರ್ಶಿ ಭೀಮರಾಜ್ ನಿರ್ಣಯ ಬರೆದಿಟ್ಟಿರುತ್ತಾನೆ. ಇದು ನಮ್ಮ ಆಡಳಿತ.

ಸಂಸ್ಥೆಯವರ ಅರ್ಜಿಯಲ್ಲಿ ‘ಮಕ್ಕಳ ಸುರಕ್ಷತಾ ಅಧಿಕಾರಿ, ಮಹಿಳೆ’ ಅಂತ ಒಂದು ಕಾಲಂ ಇತ್ತು. ಖಾಲಿ ಬಿಟ್ಟರೆ ಮಾನ್ಯತೆ ಸಿಗುವುದಿಲ್ಲ. “ನಮ್ ಗಂಗಮ್ಮ ಇಲ್ವಾ? ಬಾಯಿ ಜೋರಿದೆ, ಅದೇ ಸುರಕ್ಷತೆ,” ಎಂದರು ಕೋದಂಡರಾಮಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ, ಹೆಮ್ಮೆಯಿಂದಲೇ ನಕ್ಕೆ. ಕೋಲಾರದಲ್ಲಿ ಒಂದು ದಿನದ ತರಬೇತಿ ಕೊಟ್ಟು ಕತ್ತಿಗೆ ಬ್ಯಾಡ್ಜು ಹಾಕಿ ಕಳಿಸಿದರು.

ಕೋಚ್ ಮುರಳಿಮೋಹನ್ ಶ್ರೀನಿವಾಸಪುರದವನು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಾವಿಗೆ ಬಿದ್ದು ಈಜು ಕಲಿತ ಊರು ನಮ್ಮದು. ಅಂಥ ಊರಿನ ಮಕ್ಕಳು ಇವನ ಕೈಯಲ್ಲಿ ಐದೇ ವರ್ಷಕ್ಕೆ ಪದಕ ತಂದರು, ಪೇಪರಿನಲ್ಲಿ ಫೋಟೋ ಬಂತು. ಈ ವರ್ಷ ಮೊದಲ ಸಲ ಒಬ್ಬ ಹುಡುಗಿ ರಾಜ್ಯ ಮಟ್ಟಕ್ಕೆ ಆಯ್ಕೆಯಾದಳು. ಹೆಸರು ಮೇಘನ, ಹದಿಮೂರು ವರ್ಷ, ನಮ್ಮ ಬೀದಿಯ ಅಂಗನವಾಡಿ ಸಹಾಯಕಿ ಆದಿಲಕ್ಷ್ಮಿಯ ಮಗಳು.

ಒಂದು ಸೋಮವಾರ ಆ ಹುಡುಗಿ ಅಂಚೆ ಕಚೇರಿಗೆ ಬಂದಳು. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಗಾಜಿನ ಕಿಂಡಿಗೆ ಬಗ್ಗಿ ಮೆಲ್ಲಗೆ ಹೇಳಿದಳು.

“ಆಂಟಿ, ನಾವು ಬಟ್ಟೆ ಬದಲಾಯಿಸೋವಾಗ ಸರ್ ಬಾಗಿಲು ತೆಗೀತಾರೆ. ಟೈಮಾಯ್ತು ಅಂತಾರೆ. ಕೈಯಲ್ಲಿ ಫೋನಿರುತ್ತೆ. ಮೂರು ಸಲ ಆಯ್ತು.”

“ಚಿಲಕ ಇಲ್ವೇನೇ?”

“ಕಿತ್ತೋಗಿದೆ. ಹಾಕ್ಸಿ ಅಂತ ಕೇಳಿದ್ವಿ, ಹಾಕ್ಸಲಿಲ್ಲ. ಅಮ್ಮಂಗೆ ಹೇಳಿಲ್ಲ ಆಂಟಿ, ಹೇಳಿದ್ರೆ ಈಜು ಬಿಡಿಸ್ತಾರೆ. ನೀವು ಯಾರ್ಗೂ ಹೇಳ್ದೆ ಸರಿ ಮಾಡಿ.”

ಗುಟ್ಟಾಗಿ ಇಡುತ್ತೇನೆ ಅಂತ ಮಗುವಿಗೆ ಮಾತು ಕೊಡಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. “ಆಯ್ತು ಕಣೇ, ನಾನ್ ನೋಡ್ಕೋತೀನಿ ಹೋಗು,” ಎಂದೆ. ಹಿಂದೆ ಇನ್ನೂ ಆರು ಜನ ನಿಂತಿದ್ದರು.

ಒಂಬತ್ತನೇ ನಿಯಮ ಹೀಗಿದೆ: ಮಗುವಿನಿಂದ ದೂರು ಬಂದರೆ ಅಂದೇ ಆ ವ್ಯಕ್ತಿಯನ್ನು ಕೊಳದಿಂದ ಹೊರಗಿಡಬೇಕು, ಅಂದೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಬೇಕು. ಎರಡು ‘ಅಂದೇ’ಗಳ ಕೆಳಗೂ ಗೆರೆ ಎಳೆದವಳು ನಾನು. ಆದರೆ ಕೆಲಸ ಬಿಟ್ಟವಳು ನೇರ ಹೋಗಿದ್ದು ಕೋದಂಡರಾಮಪ್ಪನವರ ಮನೆಗೆ. ನಮ್ಮಲ್ಲಿ ಗಂಡು ನೋಡುವುದಿರಲಿ, ಬೋರು ಕೊರೆಸುವುದಿರಲಿ, ಮೊದಲು ಅವರಿಗೊಂದು ಮಾತು ಹೇಳಿಯೇ ಮುಂದಿನದು. ಆ ಅಭ್ಯಾಸಕ್ಕೆ ನಾನೂ ಹೋದೆ. ಮಗುವಿನ ಹೆಸರನ್ನೂ ಹೇಳಿಬಿಟ್ಟೆ.

ಅವರು ಶಾಂತವಾಗಿ ಕೇಳಿದರು. “ಫೋನ್ ಮಾಡಿದ್ರೆ ಪೊಲೀಸ್ನೋರು ಬರ್ತಾರಮ್ಮ. ಹೆಣ್ಣುಮಗು ಹೆಸ್ರು ಬೀದಿಗೆ ಬರುತ್ತೆ. ನಿನಗದು ಬೇಕಾ? ಮೀಟಿಂಗ್ ಕರೀತೀನಿ, ತಾಳು.”

ಮರುದಿನ ಸಂಜೆ ಆಫೀಸಿನಲ್ಲೇ ಸಭೆ ಸೇರಿತು. ಮುರಳಿಮೋಹನ್ ಕೈಕಟ್ಟಿ ನಿಂತು, ಎಲ್ಲರೂ ನನ್ನ ಮಕ್ಕಳಿದ್ದ ಹಾಗೆ, ಟೈಮು ಮೀರಿದರೆ ಕೂಗುವುದೂ ತಪ್ಪಾ ಎಂದ. ಯಾರು ದೂರು ಕೊಟ್ಟಿದ್ದು ಎಂದೂ ಕೇಳಿದ. ನಾನು ಬೇಡ ಅನ್ನುವಷ್ಟರಲ್ಲಿ ಕೋದಂಡರಾಮಪ್ಪ ಹೆಸರು ಹೇಳಿ ಆಗಿತ್ತು. ಭೀಮರಾಜ್ ‘ಹೊಸ ಚಿಲಕ ಹಾಕಿಸುವುದು’ ಅಂತ ನಿರ್ಣಯ ಬರೆದುಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಗೋಡೆಯ ಫ್ರೇಮು ತೋರಿಸಿ ಕೂಗಾಡಿದೆ.

“ಏಮಮ್ಮಾ, ಅಷ್ಟೊಂದು ಯಾಕೆ ಕೂಗ್ತೀಯ?” ಎಂದರು ಕೋದಂಡರಾಮಪ್ಪ. “ಕಾಗದದಾಗ ಬರ್ದಿದ್ದು ಮನುಷ್ಯರು ತಾನೇ? ಶುಕ್ರವಾರ ಮುತ್ಯಾಲಮ್ಮನ ಗುಡಿಯಾಗ ಪ್ರಮಾಣ ಮಾಡ್ಲಿ. ಒದ್ದೆ ಬಟ್ಟೇಲಿ ಮಾಡ್ಲಿ. ಸುಳ್ಳಾಡಿದ್ರೆ ಅಮ್ಮ ಬಿಡ್ತಾಳಾ?”

ಇದು ನಮ್ಮ ಕಡೆಯ ಹಳೆಯ ಪದ್ಧತಿ. ಬದುವಿನ ಜಗಳವಾದರೂ ಕಳ್ಳತನವಾದರೂ ಗುಡಿಯ ಪಕ್ಕದ ಕುಂಟೆಯ ನೀರಿನಲ್ಲಿ ಮುಳುಗೆದ್ದು, ನೀರು ಸುರಿಯುವ ಬಟ್ಟೆಯಲ್ಲೇ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಇಡಬೇಕು. ಸುಳ್ಳು ಆಣೆ ಇಟ್ಟ ನಮ್ಮ ಚಿಕ್ಕತಾತ ನಲವತ್ತು ದಿನಕ್ಕೆ ರಕ್ತ ಕಾರಿ ಸತ್ತ ಕತೆ ಕೇಳಿಕೊಂಡು ಬೆಳೆದವಳು ನಾನು. ನಂಬುತ್ತೇನೆ. ಮುರಳಿಮೋಹನ್ ಮೆಟ್ಟಿಲ ಹತ್ತಿರವೇ ನಡುಗಿ ಒಪ್ಪಿಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿದೆ. ಪೊಲೀಸರಿಲ್ಲದೆ, ಮಗುವಿನ ಹೆಸರು ಬೀದಿಗೆ ಬರದೆ ಎಲ್ಲ ಮುಗಿಯುತ್ತದೆ ಎಂದು ಕೈ ಎತ್ತಿದೆ, ಪುಸ್ತಕದಲ್ಲಿ ಸಹಿ ಹಾಕಿದೆ. ಆ ಸಹಿ ಈಗಲೂ ಅಲ್ಲಿದೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ತಾಯಲೂರು ರಸ್ತೆಯ ಗುಡಿಗೆ ಹೋದೆವು. ತಂಡದ ಹುಡುಗರನ್ನೂ ವ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದರು, ಕೋಚ್ ತಪ್ಪಿಲ್ಲ ಅಂತ ಅವರಿಗೂ ಗೊತ್ತಾಗಲಿ ಎಂದು. ಮುರಳಿಮೋಹನ್ ಕುಂಟೆಗೆ ಇಳಿದು, ಮುಳುಗಿ ಮೇಲೆ ಬಂದ. ಗರ್ಭಗುಡಿಯ ಮುಂದೆ ನಿಂತು, “ನಾನೇನೂ ತಪ್ಪು ಮಾಡಿಲ್ಲ ತಾಯಿ,” ಎಂದು ಕರ್ಪೂರ ಆರಿಸಿದ. ಕಣ್ಣು ಕೂಡ ಮಿಟುಕಿಸಲಿಲ್ಲ. ಪೂಜಾರಿ ಕುಂಕುಮ ಕೊಟ್ಟರು, ಅವನು ಹಣೆಗಿಟ್ಟುಕೊಂಡ. ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ, ಮೂರ್ಖಳ ಹಾಗೆ.

“ಇನ್ನು ಮಗು ಬರ್ಲಿ,” ಎಂದರು ಕೋದಂಡರಾಮಪ್ಪ.

“ಅದೇನಣ್ಣ, ಮಗು ಪ್ರಮಾಣ ಮಾಡ್ಬೇಕು ಅಂತ ಯಾರು ಹೇಳಿದ್ರು?”

“ಎರಡು ಕಡೆಯೋರೂ ಮಾಡೋದು ಪದ್ಧತಿ ಅಲ್ವೇನಮ್ಮ? ಒಂದೇ ಕಡೆ ಮಾಡಿದ್ರೆ ನ್ಯಾಯ ಎಲ್ಲಾಯ್ತು?”

ಮೇಘನ ಕಾಂಪೌಂಡಿನ ಆಚೆ ಹುಣಸೆಮರದ ಕೆಳಗೆ ಅಮ್ಮನ ಜೊತೆ ನಿಂತಿದ್ದಳು. ಕೋದಂಡರಾಮಪ್ಪನವರೇ ಆದಿಲಕ್ಷ್ಮಿಗೆ ವಿಷಯ ಮುಟ್ಟಿಸಿ, ಮಗಳನ್ನು ಕರೆತರಲು ಹೇಳಿಕಳಿಸಿದ್ದರಂತೆ. ಕರೆದರೂ ಒಳಗೆ ಬರಲಿಲ್ಲ. ಮುರಳಿಮೋಹನ್ ಅಂಗಿಯ ತುದಿ ಹಿಂಡುತ್ತ, “ನಿಜ ಇದ್ರೆ ಯಾಕೆ ಬರಲ್ಲ ಸರ್?” ಎಂದ. ನಾನು ಓಡಿಹೋದೆ. ಆದಿಲಕ್ಷ್ಮಿ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು.

“ಬೆಳಿಗ್ಗೆಯಿಂದ ಹೊರಗಾಗಿದಾಳೆ ಅಕ್ಕ. ಗುಡಿ ಒಳಗೆ ಹೆಂಗೆ ಬರ್ತಾಳೆ? ಐದು ದಿನ ಬಿಟ್ಟು ಬರ್ತೀವಿ ಅಂತ ಹೇಳಿ. ಯಾಕೆ ಅಂತ ಮಾತ್ರ ಹೇಳ್ಬೇಡಿ.”

ಮೇಘನ ನನ್ನ ಸೆರಗು ಹಿಡಿದುಕೊಂಡಳು. “ಆ ಹುಡುಗ್ರೆಲ್ಲ ಇದಾರೆ ಆಂಟಿ,” ಅಂದಳು ಅಷ್ಟೆ.

ನಾನು ವಾಪಸು ಹೋಗಿ ಐದು ದಿನದ ಗಡುವು ಕೇಳಿದೆ. ಭೀಮರಾಜ್ ಕಿಸಕ್ಕನೆ ನಕ್ಕ. “ಐದು ದಿನ ಯಾತಕ್ಕೆ ಮೇಡಂ? ಸುಳ್ಳು ಪಾಠ ಹೇಳಿಕೊಡೋಕಾ?”

ಎಲ್ಲರೂ ಮೆಚ್ಚುವ ನನ್ನ ಜೋರು ಬಾಯಿ ಆಗ ತೆರೆಯಿತು. “ಮಗು ಹೊರಗಾಗಿದಾಳೆ ಕಣ್ರೋ! ಗುಡಿ ಹೆಂಗೆ ಮೆಟ್ತಾಳೆ? ಹೆಣ್ಣುಮಕ್ಕಳನ್ನ ಹೆತ್ತಿದೀರ, ಅಷ್ಟು ಗೊತ್ತಾಗಲ್ವಾ ನಿಮ್ಗೆ?”

ಐದು ಜನರೂ ತಲೆ ತಗ್ಗಿಸಿದರು. ಒಂದು ಕ್ಷಣ, ನಿಜ ಹೇಳುತ್ತೇನೆ, ಗೆದ್ದೆ ಅನ್ನಿಸಿತು. ಆಮೇಲೆ ಎಲ್ಲರೂ ತಿರುಗಿ ಅವಳನ್ನು ನೋಡಿದರು. ಪೂಜಾರಿ ನೋಡಿದರು. ಮುರಳಿಮೋಹನ್ ನೋಡಿದ. ವ್ಯಾನಿನ ಹತ್ತಿರ ಯಾರೋ ಹುಡುಗ ನಗು ತಡೆಯಲಾಗದೆ ಬಾಯಿ ಮುಚ್ಚಿಕೊಂಡ. ಮೇಘನ ಸ್ಕೂಲ್ ಬ್ಯಾಗನ್ನು ಮುಂದಕ್ಕೆ ಎಳೆದು ಹೊಟ್ಟೆಗೆ ಅವುಚಿಕೊಂಡು ರಸ್ತೆ ಕಡೆ ನಡೆದುಹೋದಳು. ಆದಿಲಕ್ಷ್ಮಿ ನನ್ನನ್ನು ನೋಡಿದ ನೋಟ ನನ್ನ ಶತ್ರುವಿಗೂ ಬೇಡ.

ಕೋಚ್ ಪ್ರಮಾಣ ಮಾಡಿದ್ದಾರೆ, ದೂರುದಾರರು ಮಾಡಿಲ್ಲ, ವಿಷಯ ಮುಕ್ತಾಯ. ಹೀಗಂತ ಭೀಮರಾಜ್ ಗುಡಿಯ ಜಗಲಿಯಲ್ಲೇ ನಿರ್ಣಯ ಬರೆದ. ನಾನು ಹೊರಗೆ ಬಂದು, ಸಹಾಯವಾಣಿಗೆ ಸೋಮವಾರ ಮಾಡಬೇಕಿದ್ದ ಫೋನನ್ನು ಶುಕ್ರವಾರ ಮಾಡಿದೆ. ನಿಮಗೆ ಯಾವತ್ತು ಗೊತ್ತಾಯಿತು ಎಂದು ಆ ಕಡೆಯ ಹೆಂಗಸು ಕೇಳಿದಳು. ಹೇಳಿದೆ. ಅವಳು ಅದನ್ನೂ ಬರೆದುಕೊಂಡಳು.

ಶನಿವಾರ ಸಹಾಯವಾಣಿಯ ಕಡೆಯಿಂದ ಇಬ್ಬರು ಮಹಿಳಾ ಅಧಿಕಾರಿಗಳು ಆದಿಲಕ್ಷ್ಮಿಯ ಮನೆಗೆ ಬಂದರು. ನಾನು ಹೊಸ್ತಿಲ ಆಚೆ ನಿಂತೆ, ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಚಾಪೆಯ ಮೇಲೆ ಮೇಘನ ಗೋಡೆಗೊರಗಿ ಕೂತಿದ್ದಳು. ಹಿರಿಯ ಅಧಿಕಾರಿ ತಾವೂ ನೆಲದ ಮೇಲೆ ಕೂತು, ಅವಸರವಿಲ್ಲದೆ ಮಾತಾಡಿಸಿದರು. ಸೋಮವಾರವೇ ಇವರು ಬಂದಿದ್ದರೆ ಏನಾಗುತ್ತಿತ್ತು ಎಂದು ನನಗೆ ಆಗ ಕಂಡಿತು.

“ಏನೂ ಆಗಿಲ್ಲ ಮೇಡಂ.”

“ಬಾಗಿಲು ಯಾರಾದ್ರೂ ತೆಗೀತಿದ್ರಾ ಪುಟ್ಟ?”

“ಗಾಳಿಗೆ ತೆಕ್ಕೊಂಡಿತ್ತು.”

“ಈಜೋಕೆ ಹೋಗ್ತೀಯಲ್ಲ? ರಾಜ್ಯ ಮಟ್ಟಕ್ಕೆ ಆಯ್ಕೆ ಆಗಿದೀಯಂತೆ.”

“ಇಲ್ಲ, ಬಿಟ್ಬಿಟ್ಟೆ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಹೋಗ್ಲಿ, ಇದನ್ನ ನೀನು ಮೊದಲು ಯಾರ ಹತ್ರ ಹೇಳಿದ್ದೆ? ಅವರನ್ನ ಕರೆಸ್ತೀನಿ, ನಿನ್ನ ಪಕ್ಕಾನೇ ಕೂತಿರ್ಲಿ. ಆಮೇಲೆ ನಿಧಾನವಾಗಿ ಹೇಳು.”

ಮೇಘನ ತಲೆ ಎತ್ತಿ, ಹೊಸ್ತಿಲ ಆಚೆ ನಿಂತಿದ್ದ ನನ್ನನ್ನು ನೋಡಿದಳು.

“ಯಾರ ಹತ್ರಾನೂ ಹೇಳಿಲ್ಲ ಮೇಡಂ,” ಎಂದಳು.