ಕ್ರ್ಯಾಕ್ ಎಂದು ಬರೆದದ್ದು

ಪೂವಕ್ಕ ಹೆಂಚನ್ನು ಎಡಗೈಯಲ್ಲಿ ತೂಗಿ ಹಿಡಿದು, ಕಿವಿಯ ಮಟ್ಟಕ್ಕೆ ತಂದು, ಬಲಗೈಯ ಮರದ ತುಂಡಿನಿಂದ ಒಮ್ಮೆ ತಟ್ಟುತ್ತಿದ್ದಳು. ಠಣ್ ಎಂದರೆ ಬಲಗಡೆಯ ಸಾಲಿಗೆ, ಡಬ್ ಎಂದರೆ ಎಡಗಡೆಯ ರಾಶಿಗೆ. ಅವಳ ಕಣ್ಣು ಎಲ್ಲೋ ಇರುತ್ತಿತ್ತು. ಸುಟ್ಟ ಹೆಂಚಿನೊಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಆ ಕಿವಿಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ನದಿಯ ದಡದ ಆ ಹೆಂಚಿನ ಕಾರ್ಖಾನೆಯಲ್ಲಿ ನಾನಿದ್ದ ಮೂರು ವರ್ಷ, ಆಫೀಸಿನ ಕಿಟಕಿಯಿಂದ ದಿನವೂ ಕಂಡ ನೋಟ ಇದು.

ನಾನು ಅಲ್ಲಿ ರೈಟರ್. ಮ್ಯಾನೇಜರ್ ಬಾಳಿಗರಿಗೆ ದಿನಚರಿಯ ಪುಸ್ತಕ ಇಂಗ್ಲಿಷಿನಲ್ಲೇ ಇರಬೇಕು. ಅಂದಂದು ನಡೆದದ್ದನ್ನು ಅವರು ಹೇಳುವರು, ನಾನು ಚುಟುಕಾಗಿ ಬರೆಯುವೆ. ನನ್ನ ಇಂಗ್ಲಿಷ್ ದೊಡ್ಡದೇನಲ್ಲ. ಆದರೆ ಅದನ್ನು ಓದಬಲ್ಲವರು ನಾವಿಬ್ಬರೇ ಆದ್ದರಿಂದ ನನಗೆ ಸ್ವಲ್ಪ ಜಂಬವಿತ್ತು.

ಒಂದು ಬೆಳಿಗ್ಗೆ ಪೂವಕ್ಕ ಆಫೀಸಿನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಅದೇ ಮರದ ತುಂಡು.

"ಧನಿಗಳೇ, ಹೆಂಚು ಸುಡುವ ಗೂಡಿನ ಹಿಂದಿನ ಗೋಡೆಯ ಸ್ವರ ಬದಲಾಗಿದೆ. ಒಳಗೆ ಬಿರುಕು ಉಂಟು. ಆಚೆ ವಾರವೂ ಹೇಳಿದ್ದೆ."

ಬಾಳಿಗರು ತಲೆಯೆತ್ತಲಿಲ್ಲ. "ಗೋಡೆಗೂ ಸ್ವರ ಉಂಟಾ? ಹಾಡ್ತದಾ ಅದು?"

"ತಟ್ಟಿದರೆ ಗೊತ್ತಾಗ್ತದೆ. ನೀವೇ ಬಂದು ಕೇಳಿ."

"ನಿನ್ನ ಮಂಡೆಯನ್ನು ಒಮ್ಮೆ ತಟ್ಟಿ ನೋಡು, ಮಾರಾಯ್ತಿ. ಹೋಗು, ಕೆಲಸ ನೋಡು."

ಅವಳು ಹೋದ ಮೇಲೆ ಅವರು ನನ್ನತ್ತ ತಿರುಗಿ, "ಬರೀರಿ. ಪೂವಕ್ಕ, ಕ್ರ್ಯಾಕ್ ಅಗೇನ್" ಎಂದರು. ನಾನು ನಕ್ಕೆ. ನಗುತ್ತಲೇ ಬರೆದೆ.

ಕ್ರ್ಯಾಕ್ ಎಂಬ ಪದ ಆ ಊರಿನಲ್ಲಿ ಇಂಗ್ಲಿಷ್ ಓದದವರ ಬಾಯಲ್ಲೂ ಓಡಾಡುತ್ತಿತ್ತು. ಹೆಂಚಿಗೆ ಹೇಳಿದರೆ ಬಿರುಕು, ಮನುಷ್ಯರಿಗೆ ಹೇಳಿದರೆ ತಲೆ ಕೆಟ್ಟವರು. ದಿನವಿಡೀ ಹೆಂಚಿನ ಸದ್ದು ಕೇಳಿ ಕೇಳಿ, ಮನೆಯ ಮಡಕೆ, ಬಾಗಿಲು, ತೆಂಗಿನಕಾಯಿ ಎಲ್ಲವನ್ನೂ ತಟ್ಟಿ ನೋಡುತ್ತಿದ್ದ ಪೂವಕ್ಕನಿಗೆ ಆ ಹೆಸರು ಬಹಳ ಹಿಂದೆಯೇ ಅಂಟಿತ್ತು. ಮಣ್ಣು ಹದ ಮಾಡುವ ಐತಪ್ಪನಂತೂ ಅವಳೆದುರಿಗೇ ಹಾಗೆ ಕರೆಯುತ್ತಿದ್ದ.

ಒಂಬತ್ತು ದಿನ ಕಳೆದು, ಮಧ್ಯಾಹ್ನದ ಗಂಜಿಯ ಹೊತ್ತಿನಲ್ಲಿ ಆ ಗೋಡೆ ಬಿತ್ತು. ಅದರ ನೆರಳಿನಲ್ಲಿ ಮಲಗಿದ್ದವನು ಐತಪ್ಪ ಒಬ್ಬನೇ. ಜೀವ ಉಳಿಯಿತು, ಬಲಗಾಲು ಮೊಣಕಾಲಿನವರೆಗೆ ಹೋಯಿತು.

ಅವನನ್ನು ಬಾಗಿಲ ಹಲಗೆಯ ಮೇಲೆ ಹೊತ್ತುಕೊಂಡು ಹೋಗುವಾಗ ಹೆಂಗಸರೆಲ್ಲ ಬೊಬ್ಬೆಯಿಟ್ಟು ಅಳುತ್ತಿದ್ದರು. ಪೂವಕ್ಕ ಮಾತ್ರ ಅಳಲಿಲ್ಲ. ಬಾವಿಕಟ್ಟೆಯ ಬಳಿ ನಿಂತು ಬಿದ್ದ ಗೋಡೆಯನ್ನು ನೋಡುತ್ತಿದ್ದಳು. ನನ್ನ ಮನಸ್ಸಿನಲ್ಲಿ ಅನುಮಾನದ ಮೊದಲ ಎಳೆ ಹುಟ್ಟಿದ್ದು ಆಗಲೇ. ಯಾವಾಗಲೂ ಆ ಗೋಡೆಯ ಬುಡದಲ್ಲೇ ಗಂಜಿಗೆ ಕೂರುವ ಹೆಂಗಸರನ್ನು ಆ ದಿನ ಅವಳು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಕೂರಿಸಿದ್ದಳು. ಅದನ್ನು ನಾನು ಕಿಟಕಿಯಿಂದ ಕಂಡಿದ್ದೆ.

ಸಂಜೆ ಬಾಳಿಗರು ಬಾಗಿಲು ಮುಂದೆ ಮಾಡಿ, ಸ್ವರ ತಗ್ಗಿಸಿ ಕೇಳಿದರು. "ಇವತ್ತೇ ಬೀಳ್ತದೆ ಅಂತ ಅವಳಿಗೆ ಹೇಗೆ ಗೊತ್ತಾಯ್ತು? ನೀವು ಯೋಚನೆ ಮಾಡಿದ್ದೀರಾ?"

ನಾನು ಯೋಚಿಸಿದ್ದೆ. ಕೂಡಿಸುತ್ತ ಹೋದಂತೆ ಒಂದೊಂದೂ ಸರಿಯಾಗಿ ಕೂರುತ್ತಿತ್ತು. ಎರಡು ದಿನದ ಹಿಂದೆ ಅವಳು ಆ ಗೋಡೆಗೆ ಕಿವಿ ಹಚ್ಚಿ ನಿಂತದ್ದನ್ನು ನೋಡಿದ್ದೆ. ನನ್ನನ್ನು ಕಂಡು ತಟ್ಟನೆ ಸರಿದುಹೋಗಿದ್ದಳು. ಹೆಂಚು ತಟ್ಟುವ ಕೆಲಸ ಬಿಡಿಸಿ ಅವಳನ್ನು ಮಣ್ಣು ಹೊರಲು ಹಾಕುತ್ತೇನೆಂದು ಬಾಳಿಗರು ಗದರಿಸಿ ಹೆಚ್ಚು ದಿನ ಆಗಿರಲಿಲ್ಲ. ಐತಪ್ಪನ ಮೇಲೆ ಅವಳಿಗೆ ಸಿಟ್ಟಿತ್ತು. ಗೋಡೆಯ ಬುಡದ ಕಲ್ಲನ್ನು ಸಡಿಲಿಸಲು ಎಷ್ಟು ಹೊತ್ತು ಬೇಕು?

ಮುಂದಿನ ಮೂರು ದಿನ ನಾನು ಅವಳನ್ನು ಕಳ್ಳನನ್ನು ಕಾಯುವಂತೆ ಕಾದೆ. ಅವಳು ಕೈ ತೊಳೆದರೆ ಯಾಕೆ ಇಷ್ಟು ಹೊತ್ತು ತೊಳೆಯುತ್ತಾಳೆ ಅನ್ನಿಸುತ್ತಿತ್ತು. ಸುಮ್ಮನಿದ್ದರೆ ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸುತ್ತಿತ್ತು. ಹೆಂಚನ್ನು ಕಿವಿಯ ಮಟ್ಟಕ್ಕೆ ತಂದು ತಟ್ಟುವ ಆ ಹಳೆಯ ನೋಟ ಕೂಡ ಈಗ ಬೇರೆಯಾಗಿ ಕಾಣತೊಡಗಿತ್ತು. ಏನೂ ಆಗಿಲ್ಲ ಎಂಬಂತೆ ತಟ್ಟುತ್ತಾಳಲ್ಲ, ಎಂಥ ಗಟ್ಟಿ ಹೆಂಗಸು!

ವಿಚಾರಣೆಗೆ ಅಧಿಕಾರಿ ಬರುತ್ತಾರೆಂದು ಕಾಗದ ಬಂತು. ಬಾಳಿಗರು ದಿನಚರಿಯನ್ನು ತಿರುವಿಹಾಕಿ ಆ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನು ಕೇಳ್ತಾರೆ. ಬರೆದದ್ದು ನೀವು. ಯಾವ ಅರ್ಥದಲ್ಲಿ ಬರೆದಿರಿ?"

"ತಲೆ ಸರಿ ಇಲ್ಲ ಅನ್ನುವ ಅರ್ಥದಲ್ಲಿ."

"ಅಷ್ಟೇ ಹೇಳಿ. ನೀವು ಸುಳ್ಳು ಹೇಳಬೇಕಾಗಿಯೇ ಇಲ್ಲ. ನನಗೆ ಗೋಡೆಯ ವಿಷಯ ಯಾರೂ ಹೇಳಿಲ್ಲ. ತಲೆ ಕೆಟ್ಟ ಹೆಂಗಸು, ಏನೋ ಮಾಡಿ ಗೋಡೆ ಬೀಳಿಸಿದ್ದಾಳೆ. ಪೊಲೀಸರು ನೋಡಿಕೊಳ್ತಾರೆ."

ಯಾರೂ ಹೇಳಿಲ್ಲ ಎಂಬ ಮಾತು ಬಂದಾಗ ನಾನು ಅವರ ಮುಖ ನೋಡಿದೆ. ಅವರು ಕಣ್ಣು ತಪ್ಪಿಸಲಿಲ್ಲ. ನನ್ನ ಅನುಮಾನ ಮೊದಲ ಬಾರಿ ಬೇರೆ ಕಡೆಗೆ ಮುಖ ಮಾಡಿತು. ಆದರೂ ಬಾವಿಕಟ್ಟೆಯ ವಿಷಯ ಕೊರೆಯುತ್ತಲೇ ಇತ್ತು.

ಕೆಲಸ ಬಿಟ್ಟ ಮೇಲೆ ಪೂವಕ್ಕನ ಹಿಂದೆಯೇ ನಡೆದು, ಮುರಿದ ಗೋಡೆಯ ಹತ್ತಿರ ಅವಳನ್ನು ನಿಲ್ಲಿಸಿದೆ.

"ಪೂವಕ್ಕ, ಒಂದು ಮಾತು ಕೇಳ್ತೇನೆ, ಸತ್ಯ ಹೇಳಬೇಕು. ಆ ದಿನವೇ ಎಲ್ಲರನ್ನೂ ಬಾವಿಕಟ್ಟೆಗೆ ಯಾಕೆ ಕರೆದುಕೊಂಡು ಹೋದಿರಿ?"

ಎಂತಕ್ಕೆ ಕೇಳುತ್ತಿದ್ದೇನೆಂದು ಅವಳಿಗೆ ತಿಳಿಯಿತು.

"ಆ ದಿನವೇ ಅಲ್ಲ ರೈಟ್ರೇ. ಆಫೀಸಿಗೆ ಬಂದು ಹೇಳಿದ ದಿನದಿಂದ ಒಂಬತ್ತು ದಿನವೂ ಅಲ್ಲೇ ಕೂತದ್ದು. ಬಿಸಿಲು ಅಂತ ಎಲ್ಲರೂ ನನಗೆ ಬೈದರು. ಕೇಳಿ ಬೇಕಾದರೆ. ನೀವು ನೋಡಿದ್ದು ಆ ದಿನ ಮಾತ್ರ."

"ಮತ್ತೆ ಐತಪ್ಪ?"

"ಅವನನ್ನೂ ಕರೆದೆ. ಕೈ ಹಿಡಿದು ಎಳೆದೆ. ಕ್ರ್ಯಾಕು ಹೆಂಗಸು, ಬಿಡು ನನ್ನನ್ನು ಅಂದ. ಬಿಟ್ಟೆ." ಅವಳ ಸ್ವರ ಅಲ್ಲಿ ಒಡೆಯಿತು. "ಬಿಡಬಾರದಿತ್ತು."

ಆಮೇಲೆ ಅವಳು ಗೋಡೆಯ ಉಳಿದ ಭಾಗಕ್ಕೆ ನಡೆದು, ಮೂಲೆಯ ಹತ್ತಿರ ಮರದ ತುಂಡಿನಿಂದ ತಟ್ಟಿದಳು. ಗಟ್ಟಿಯಾದ, ಚಿಕ್ಕ ಸದ್ದು. ನಾಲ್ಕು ಹೆಜ್ಜೆ ಈಚೆ ಬಂದು ಮತ್ತೆ ತಟ್ಟಿದಳು. "ಕಿವಿ ಇಡಿ. ನಿಮಗೂ ಕೇಳ್ತದೆ." ನಾನು ಗೋಡೆಗೆ ಕಿವಿ ಹಚ್ಚಿದೆ. ಡಬ್ ಎಂಬ ಸದ್ದು, ಅದರ ಹಿಂದೆಯೇ ಒಳಗೆಲ್ಲೋ ಮಣ್ಣು ಸಣ್ಣಗೆ ಜಾರಿದ ಸದ್ದು. ಹೊರಗಿನಿಂದ ನೋಡಿದರೆ ಗಾರೆ ನಯವಾಗಿ, ಗೀರೂ ಇಲ್ಲದೆ ಬೆಳ್ಳಗಿತ್ತು. ಗೋಡೆ ಬೀಳುವ ಎರಡು ದಿನ ಮೊದಲು ಇದೇ ರೀತಿ ಕಿವಿ ಹಚ್ಚಿ ನಿಂತಿದ್ದ ಅವಳು ನನ್ನನ್ನು ಕಂಡು ಯಾಕೆ ಸರಿದಳೆಂದು ಕೇಳಬೇಕಾಗಲಿಲ್ಲ. ನಾನು ಮತ್ತೆ ನಗುತ್ತೇನೆಂದು ಸರಿದಿದ್ದಳು.

ಮನೆಗೆ ಬಂದು ನನ್ನ ಹಳೆಯ ಇಂಗ್ಲಿಷ್ ನಿಘಂಟನ್ನು ತೆಗೆದೆ. ಕ್ರ್ಯಾಕ್ ಪದದ ಮೊದಲ ಅರ್ಥವನ್ನು ನಾನು ಎಂದೂ ಓದಿರಲಿಲ್ಲ. ಅದು ಒಂದು ಸದ್ದು: ಗಟ್ಟಿಯಾದದ್ದು ತಟ್ಟನೆ ಒಡೆಯುವಾಗ ಆಗುವ ಸದ್ದು. ಬಿರುಕು ಆಮೇಲಿನದು. ಹುಚ್ಚು ಎಲ್ಲೋ ಕೆಳಗೆ, ಆಡುಮಾತು ಎಂಬ ಗುರುತಿನೊಡನೆ ಇತ್ತು.

ವಿಚಾರಣೆ ಆಫೀಸಿನಲ್ಲೇ ನಡೆಯಿತು. ಕನ್ನಡಕದ ಅಧಿಕಾರಿ ನಿಧಾನದ ಮನುಷ್ಯ. ಬಾಳಿಗರು ಕುರ್ಚಿಯಲ್ಲಿ, ಪೂವಕ್ಕ ಬಾಗಿಲ ಹೊರಗೆ ನೆಲದ ಮೇಲೆ.

"ಈ ಸಾಲು ನಿಮ್ಮ ಕೈಬರಹವಾ?"

"ಹೌದು."

"ಕ್ರ್ಯಾಕ್ ಅಂದರೆ ಎಂತ ಇಲ್ಲಿ?"

ಬಾಳಿಗರು ಗಂಟಲು ಸರಿಮಾಡಿಕೊಂಡರು. ನಿಜವೇ ಆಗಿದ್ದರೂ ಅವಳನ್ನು ಮುಳುಗಿಸುವ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು.

"ಸಾರ್, ನಾನು ಬರೆದದ್ದು ಹುಚ್ಚು ಅನ್ನುವ ಅರ್ಥದಲ್ಲಿ. ನಗುತ್ತಾ ಬರೆದೆ. ಆದರೆ ಆ ದಿನ ಪೂವಕ್ಕ ಇಲ್ಲಿಗೆ ಬಂದದ್ದು ಗೋಡೆಯಲ್ಲಿ ಬಿರುಕು ಉಂಟು ಅಂತ ಹೇಳಲಿಕ್ಕೆ. ಆ ಬಾಗಿಲಲ್ಲಿ ನಿಂತು ಹೇಳಿದರು, ನಾವಿಬ್ಬರೂ ಕೇಳಿದ್ದೇವೆ. ಅಗೇನ್ ಅಂತ ಬರೆದದ್ದು ಯಾಕೆಂದರೆ ಅದಕ್ಕೂ ಮೊದಲು ಒಮ್ಮೆ ಹೇಳಿದ್ದರು. ಅವರು ಕೇಳಿಸಿಕೊಂಡದ್ದು ಸದ್ದು, ಹೇಳಿದ್ದು ಬಿರುಕು. ಹುಚ್ಚು ಅಂತ ಮಾಡಿದ್ದು ನಾವು."

ಅಧಿಕಾರಿ ಎದ್ದು, ಪೂವಕ್ಕನನ್ನು ಕರೆದುಕೊಂಡು ಗೋಡೆಯ ಹತ್ತಿರ ಹೋದರು. ಅವಳು ತೋರಿಸಿದ ಕಡೆ ಗಾರೆ ಕೆದಕಿಸಿದರು. ಅಂಗೈ ಹೋಗುವಷ್ಟು ಅಗಲದ ಬಿರುಕು, ಗೂಡಿನ ಶಾಖಕ್ಕೆ ಒಳಗಿಂದ ಬಾಯಿಬಿಟ್ಟಿತ್ತು. ಅದನ್ನು ಯಾವ ಹೆಂಗಸಿನ ಕೋಲೂ ಮಾಡಲು ಸಾಧ್ಯವಿರಲಿಲ್ಲ.

ತಪ್ಪು ಕಾರ್ಖಾನೆಯದೆಂದು ತೀರ್ಮಾನವಾಯಿತು. ಗೋಡೆಯನ್ನು ಪೂರ್ತಿ ಕೆಡವಿ ಕಟ್ಟಿದರು. ಐತಪ್ಪನನ್ನು ಗೇಟಿನಲ್ಲಿ ಕೂತು ಮಾಡುವ ಕೆಲಸಕ್ಕೆ ತೆಗೆದುಕೊಂಡರು. ಬಾಳಿಗರು ಬೇರೆ ಊರಿಗೆ ಹೋದರು. ತಿಂಗಳು ಕಳೆಯುವ ಮೊದಲೇ, ನನ್ನ ಕೆಲಸ ಇನ್ನು ಬೇಡವೆಂದು ನನಗೂ ಚೀಟಿ ಬಂತು.

ಹೊರಡುವ ಮೊದಲು ಪೂವಕ್ಕನ ಬಳಿ ಹೋದೆ. ಅವಳು ಕೃತಜ್ಞತೆ ಹೇಳುತ್ತಾಳೆಂದು ಒಳಗೊಳಗೇ ಕಾಯುತ್ತಿದ್ದೆನೆಂಬುದನ್ನು ಈಗ ಮುಚ್ಚಿಡುವುದಿಲ್ಲ.

"ನೀವು ಸತ್ಯ ಹೇಳಿದಿರಿ, ಒಳ್ಳೆಯದಾಯ್ತು" ಎಂದಳು. ಆಮೇಲೆ, "ಮೊದಲನೇ ದಿನ ನಗದೆ ಇದ್ದಿದ್ದರೆ ಅವನಿಗೆ ಎರಡು ಕಾಲೂ ಇರ್ತಿತ್ತು" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ.

ಸಂಜೆಯ ದೋಣಿಯಲ್ಲಿ ಹೊರಟೆ. ಕೆಲಸ ಬಿಟ್ಟ ಹೆಂಗಸರು ದೋಣಿ ನಿಲ್ಲುವ ಕಡವಿನ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದರು. ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಪೂವಕ್ಕ ಸೀರೆ ಎತ್ತಿ ಕಟ್ಟಿ, ಬಗ್ಗಿ, ಹಿಮ್ಮಡಿಯನ್ನು ಕಲ್ಲಿಗೆ ಉಜ್ಜುತ್ತಿದ್ದಳು. ಅವಳು ತಲೆ ಎತ್ತಲಿಲ್ಲ. ಅವಳ ಕಾಲಿನ ಕೆಂಪು ಮಣ್ಣು ನೀರಿಗಿಳಿದು, ಉದ್ದನೆಯ ಎಳೆಯಾಗಿ ದೋಣಿಯ ಬದಿಗೇ ಹರಿದು ಬಂತು; ಸ್ವಲ್ಪ ದೂರ ನಮ್ಮ ಜೊತೆಗೇ ಬಂದು, ನಡುನೀರಿನಲ್ಲಿ ತಿಳಿಯಾಯಿತು.