ಬಾಗಿಲಂಚಿನ ಕಾಂಕ್ರೀಟು

ಗಾರೆಯವಳು ಮೂರನೇ ಸಲ ಅದೇ ಗ್ಯಾರೇಜಿನ ಬಾಗಿಲ ಬಳಿ ಮಂಡಿಯೂರಿದ್ದಳು. ತಾನೇ ಹಾಕಿದ ಕಾಂಕ್ರೀಟನ್ನು ತಾನೇ ಕೊರೆದು ತೆಗೆದಿದ್ದಳು. ಬೆರಳ ಸಂದಿಗಳನ್ನೆಲ್ಲ ಸಿಮೆಂಟು ತಿಂದು ಹುಣ್ಣು ಮಾಡಿತ್ತು.

ಅವಳ ಕೆಲಸದಲ್ಲಿ ಕಳ್ಳತನವಿರಲಿಲ್ಲ. ಒಡೆದ ಅಂಚನ್ನು ಗಟ್ಟಿ ನೆಲ ಸಿಗುವ ತನಕ ಕೊರೆದು, ಧೂಳು ಗುಡಿಸಿ, ನೀರು ಕುಡಿಸಿ, ಜಲ್ಲಿ ಕಲಸಿ ತುಂಬಿದ್ದಳು. ಮೇಲೆ ಒದ್ದೆ ಗೋಣಿ ಹೊದಿಸಿ, "ಏಳು ದಿನ ಚಕ್ರ ತಾಗಿಸ್ಬೇಡಿ ಸಾರ್" ಎಂದು ಕೈಮುಗಿದಿದ್ದಳು. ಹಿಂದಿನ ಎರಡು ಸಲವೂ ಮರುದಿನವೇ ಕಾರು ಹತ್ತಿಸಿದ್ದರು. ಎರಡು ಸಲವೂ ಬೈಗುಳ ಅವಳಿಗೆ.

ಇವತ್ತು ಆ ಮನೆಯ ಯಜಮಾನ ಅವಳ ಕೊರೆಯುವ ಮೆಷಿನ್ನನ್ನೇ ಡ್ರೈವರನ ಕೈಲಿ ಎತ್ತಿಸಿ, ಗ್ಯಾರೇಜಿನೊಳಗಿದ್ದ ಕಾರಿನ ಡಿಕ್ಕಿಗೆ ಹಾಕಿಸಿದ.

"ನೆಲ ಸರಿಯಾದ್ಮೇಲೆ ತಗೊಂಡು ಹೋಗು. ಸಂಜೆ ನಾನು ವಾಪಸ್ ಬಂದಾಗ ಕಾರು ಒಳಗೆ ನಿಲ್ಲಬೇಕು."

"ಅದು ಬಾಡಿಗೆ ಮೆಷಿನ್ ಸಾರ್. ಅದಿಲ್ದೆ ನಾಳೆ ನಮಗೆ ಕೆಲ್ಸ ಇಲ್ಲ. ಸಂಜೆಗೆಲ್ಲ ಕಾಂಕ್ರೀಟು ಕೂರಲ್ಲ."

"ಹೆಂಗಸಿನ ಕೈಗೆ ಕೆಲಸ ಕೊಟ್ಟಿದ್ದೇ ನನ್ನ ತಪ್ಪು. ಬರೀ ಬಾಯಿ!"

ಬುಟ್ಟಿ ಹೊರುತ್ತಿದ್ದ ಅವಳ ನಾದಿನಿಗೆ ತಡೆಯಲಾಗಲಿಲ್ಲ. "ಬಾಯಲ್ಲೇ ಕಾಂಕ್ರೀಟು ಕಲಸೋ ಹಾಗಿದ್ರೆ, ನೀವು ಇಷ್ಟೊತ್ತಿಗೆ ಒಂದು ಸೇತುವೆನೇ ಕಟ್ಟಿರ್ತಿದ್ರಿ!"

ಯಜಮಾನನ ಮುಖ ಕೆಂಪೇರಿತು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ರಪ್ಪನೆ ಎಳೆದುಕೊಂಡ. "ನಡಿ, ಹೊರಗೆ ತೆಗಿ," ಎಂದು ಡ್ರೈವರನಿಗೆ ಹೇಳಿದ.

ಗಾರೆಯವಳು ಹೇಳುವಷ್ಟು ಹೇಳಿಯಾಗಿತ್ತು. ಕರಣೆಯನ್ನು ಬದಿಗಿಟ್ಟಳು. ಕೊರೆದ ಗುಂಡಿಯಲ್ಲೇ, ಕಾರಿಗೆ ಎದುರಾಗಿ, ಕೂತುಬಿಟ್ಟಳು. ನಾದಿನಿಯೂ ಬಂದು ಪಕ್ಕದಲ್ಲಿ ಕೂತಳು.

ಹಾರ್ನ್ ಕೂಗಿತು. ಇಬ್ಬರೂ ಅಲುಗಲಿಲ್ಲ.

"ಹತ್ತಿಸೋ! ತಾವಾಗೇ ಏಳ್ತಾರೆ."

ಎಂಜಿನ್ ನಿಂತಿತು. ಡ್ರೈವರ್ ಕೆಳಗಿಳಿದ. ಡಿಕ್ಕಿ ತೆಗೆದು, ಮೆಷಿನ್ನನ್ನು ಎದೆಗವಚಿ ತಂದು ಗಾರೆಯವಳ ಮುಂದಿಟ್ಟ.

"ಬೇಡ ಅಣ್ಣ, ನಿನ್ನ ಕೆಲ್ಸ ಹೋಗುತ್ತೆ," ಎಂದಳು ಅವಳು.

ಅವನು ಯಜಮಾನನ ಕಡೆ ತಿರುಗಿದ. "ಎರಡು ಸಲಾನೂ ಹಸಿ ನೆಲದ ಮೇಲೆ ಓಡಿಸ್ದೋನು ನಾನು. 'ಏನಾಗಲ್ಲ, ಹತ್ತಿಸು' ಅಂದೋರು ನೀವು. ಬೈಸ್ಕೊಂಡಿದ್ದು ಈ ಅಕ್ಕ. ಇನ್ನು ನನ್ನ ಕೈಲಾಗಲ್ಲ."

ಕೀಲಿಯನ್ನು ಕಾರಿನ ಮೇಲಿಟ್ಟು ಬಂದು ಅವರ ಜೊತೆ ನೆಲದ ಮೇಲೆ ಕೂತ. ಒಳಗಿನಿಂದ ಯಜಮಾನ ಕೂಗುತ್ತಲೇ ಇದ್ದ. ಬಾಗಿಲಲ್ಲಿ ಕೂತ ಮೂವರಲ್ಲಿ ಒಬ್ಬರೂ ಏಳಲಿಲ್ಲ.