ಎರಡು ನಿಮಿಷದ ಮೋಡ

ಸಬ್‌ಸ್ಟೇಷನ್ನಿನ ಗೋಡೆಯ ಮೇಲೆ ಕೆಂಪು ಅಂಕಿಯೊಂದು ಸದಾ ಉರಿಯುತ್ತಿತ್ತು. ಅದು ಐವತ್ತರ ಆಚೀಚೆ ನಿಂತರೆ ಕ್ಷೇಮ, ತೀರ ಇಳಿದರೆ ಇಡೀ ಊರಿನ ಕರೆಂಟು ಹೋಗುತ್ತದೆ ಎಂದು ಆಪರೇಟರ್ ಗುರುಶಾಂತಪ್ಪನವರು ಹೇಳುತ್ತಿದ್ದರು. ನಮಗೆ ಆ ಅಂಕಿಯ ಗೊಡವೆ ಇರಲಿಲ್ಲ. ಬಯಲಿನಲ್ಲಿ ಸೋಲಾರ್ ಬಂದ ಮೇಲೆ, ಒಂದು ಮೋಡ ಅಡ್ಡ ಬಂದರೂ ಅವರು ಮೊದಲು ತೆಗೆಯುತ್ತಿದ್ದುದು ಮರ ಕೊಯ್ಯುವ ನಮ್ಮ ಮಿಲ್ಲುಗಳ ಲೈನನ್ನು. ಹೆಚ್ಚು ಕರೆಂಟು ಎಳೆಯುತ್ತಿದ್ದುದು ನಾವೇ ಎಂಬುದನ್ನು ಕೇಳುವ ತಾಳ್ಮೆ ಯಾರಿಗಿತ್ತು?

ಒಂದು ಮಾತು ಒಪ್ಪಬೇಕು. ಕರೆಂಟು ಮರಳಿ ಬಿಡುವ ಮುಂಚೆ ಅವರು ಪ್ರತಿ ಮಿಲ್ಲಿಗೂ ಫೋನ್ ಮಾಡುತ್ತಿದ್ದರು. "ಕೈ ತೆಗೀರಿ, ಬಿಡ್ತೀನಿ." ಆ ಫೋನನ್ನು ನಂಬಿ ನಾವು ಗರಗಸದ ಸ್ವಿಚ್ಚು ಆರಿಸುವುದನ್ನೇ ಬಿಟ್ಟಿದ್ದೆವು. ಕರೆಂಟು ಹೋದಾಗಲೆಲ್ಲ ನನ್ನ ಅಣ್ಣ ನಿಂಗರಾಜ ಅದರ ಹಲ್ಲುಗಳ ನಡುವೆ ಕೈಹಾಕಿ ಸಿಕ್ಕಿಕೊಂಡ ಚೂರುಗಳನ್ನು ಕೀಳುತ್ತಿದ್ದ.

ಆ ಮಧ್ಯಾಹ್ನ ಮೂರನೇ ಸಲ ಕರೆಂಟು ಹೋಯಿತು. ಸಂಜೆಯೊಳಗೆ ಮರ ಕೊಯ್ದು ಕೊಡದಿದ್ದರೆ ಮಿಲ್ಲಿಗೆ ಬೀಗ ಹಾಕುತ್ತೇನೆಂದು ಮಾಲೀಕ ಹೇಳಿದ್ದ. ಅಣ್ಣನ ಅನ್ನವೂ ನನ್ನ ಅನ್ನವೂ ಅದರಲ್ಲೇ ಇತ್ತು. ನನ್ನ ತಲೆ ಕೆಟ್ಟಿತು. ಅಣ್ಣನನ್ನು ಅಲ್ಲೇ ಬಿಟ್ಟು, ಅಕ್ಕಪಕ್ಕದ ಮಿಲ್ಲಿನ ಹನ್ನೊಂದು ಜನರನ್ನು ಕಟ್ಟಿಕೊಂಡು ಸಬ್‌ಸ್ಟೇಷನ್ನಿಗೆ ನುಗ್ಗಿದೆ.

ಗುರುಶಾಂತಪ್ಪನವರು ಎದ್ದು ನಿಂತರು. "ಎರಡು ನಿಮಿಷ ತಡೀರಪ್ಪಾ. ಮೋಡ ಸರೀಲಿಕ್ಕೆ ಹತ್ಯದ. ಆ ಅಂಕಿ ನೋಡ್ರಿ, ಇನ್ನೂ ಏರಿಲ್ಲ."

"ದಿನಾ ಇದ ಕತಿ ಹೇಳ್ತೀರಿ," ಎನ್ನುತ್ತ ಅವರ ಮುಖಕ್ಕೆ ಗುದ್ದಿದೆ. ಮೂಗು ಮುರಿದದ್ದು ನನ್ನ ಮುಷ್ಟಿಗೆ ತಿಳಿಯಿತು. ಸುಳ್ಳೇಕೆ ಹೇಳಲಿ, ಹಿತವೆನಿಸಿತು. ಬಿದ್ದವರನ್ನು ಉಳಿದವರು ಒದ್ದರು, ಒಬ್ಬ ಕುರ್ಚಿ ಎತ್ತಿ ಬಾರಿಸಿದ. ಅವರು ರಕ್ತದ ಕೈಯಿಂದ ಫೋನಿಗೆ ತಡಕಾಡಿದರು. ಪೊಲೀಸರನ್ನು ಕರೆಯುತ್ತಾರೆಂದುಕೊಂಡು ನಾನು ಆ ಕೈಯನ್ನು ತುಳಿದೆ. ಎಲುಬು ಲಟಕ್ಕೆಂದಿತು. ಆಮೇಲೆ ನಮ್ಮ ಲೈನಿನ ಹೆಸರು ಬರೆದಿದ್ದ ಸ್ವಿಚ್ಚನ್ನು ಹುಡುಕಿ ತಿರುವಿದೆ.

ಎಲ್ಲರೂ ಕೇಕೆ ಹಾಕಿದರು. ಕೆಂಪು ಅಂಕಿ ಸರಸರ ಇಳಿಯಿತು. ಅರ್ಧ ನಿಮಿಷವಾಗಿರಬೇಕು, ಸ್ವಿಚ್ಚುಗಳು ಒಂದರ ಹಿಂದೊಂದು ತಾವಾಗಿಯೇ ಬಿದ್ದು ಇಡೀ ಊರಿನ ಕರೆಂಟು ಹೋಯಿತು. ಫ್ಯಾನು ನಿಂತಿತು. ಆಗ ನೆಲದಿಂದ ಗುರುಶಾಂತಪ್ಪನವರ ದನಿ ಬಂತು.

"ತಮ್ಮಾ, ಮಿಲ್ಲಿಗೆ ಫೋನ್ ಮಾಡೀಯೇನು?"

ನಾನು ಓಡಿದೆ. ಗರಗಸಕ್ಕೆ ಅರ್ಧ ನಿಮಿಷ ಬೇಕಾದಷ್ಟಾಗಿತ್ತು. ಅಣ್ಣನ ಬಲಗೈ ಮರದ ಹೊಟ್ಟಿನ ಮೇಲೆ ಬೇರೆಯಾಗಿ ಬಿದ್ದಿತ್ತು. ಅವನು ಅದನ್ನೇ ನೋಡುತ್ತ ಕೂತಿದ್ದ.

ಫೋನ್ ಮಾಡದೆ ಸ್ವಿಚ್ಚು ಹಾಕಿದ್ದು ಗುರುಶಾಂತಪ್ಪನವರೇ, ಅದಕ್ಕೇ ಹೊಡೆದೆವು ಎಂದು ನಾವು ಹನ್ನೆರಡೂ ಜನ ಹೇಳಿದೆವು. ಊರು ನಂಬಿತು. ಅವರ ಕೆಲಸ ಹೋಯಿತು.

ಹತ್ತನೆಯ ದಿನ ಆಸ್ಪತ್ರೆಯಲ್ಲಿ ಅಣ್ಣನಿಗೆ ಉಣಿಸುತ್ತಿದ್ದೆ. ಅವನು ಅಗಿಯುವುದನ್ನು ನಿಲ್ಲಿಸಿದ.

"ಗುರುಶಾಂತಪ್ಪ ಫೋನ್ ಮಾಡದ ಕರೆಂಟ್ ಬಿಡೂ ಮನಷ್ಯಾ ಅಲ್ಲ. ಯಾರ ಬಿಟ್ಟವ್ರು?"

ಊರಿಗೆಲ್ಲ ಹೇಳಿದ್ದ ಸುಳ್ಳು ಅವನೆದುರು ಬಾಯಿಗೆ ಬರಲಿಲ್ಲ.

"ನಾನು," ಎಂದೆ.

ಅವನು ತುಟಿ ಬಿಗಿದು ಆ ಕಡೆ ಹೊರಳಿದ. ಎತ್ತಿದ್ದ ತುತ್ತನ್ನು ನಾನು ಹಾಗೇ ಹಿಡಿದುಕೊಂಡಿದ್ದೆ. ಮೊಸರನ್ನ ನನ್ನ ಬೆರಳುಗಳ ಮೇಲೆಯೇ ಒಣಗಿತು.